ಎರಡನೆಯ ತುರಿಕೆ

ವಾರ್ಡನಮ್ಮನಿಗೆ ಬಂದ ಕಾಯಿಲೆಯ ಹೆಸರನ್ನು ತಡವರಿಸದೆ ಹೇಳಲು ಆ ಮನೆಯಲ್ಲಿ ಅವರೊಬ್ಬರಿಗೇ ಬರುತ್ತಿತ್ತು. ಬುಲ್ಲಸ್ ಪೆಂಫಿಗಾಯ್ಡ್. ಮಗ ಅದನ್ನು ‘ಆ ಗುಳ್ಳೆ ಕಾಯಿಲೆ’ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಗುಳ್ಳೆ ಸೊಳ್ಳೆ ಕಚ್ಚಿದರೂ ಏಳುತ್ತದೆ, ಇದು ಅಂಥದ್ದಲ್ಲ. ಹೊಟ್ಟೆಯ ಮೇಲೆ, ತೊಡೆಯ ಒಳಗೆ, ದ್ರಾಕ್ಷಿ ಹಣ್ಣಿನಷ್ಟು ದಪ್ಪಗೆ ನೀರು ತುಂಬಿಕೊಂಡು ಬಿಗಿದು ನಿಲ್ಲುವ, ಒಡೆದರೆ ಹಸಿ ಕೆಂಪು ತೋರಿಸುವ ಕಾಯಿಲೆ. ಚರ್ಮದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ತಿಳಿಯಾಗಿ ಹೇಳಿದ್ದಳು: ಮೈಯೊಳಗಿನ ಕಾವಲುಗಾರರಿಗೆ ತಲೆಕೆಟ್ಟು, ಮನೆಯವರನ್ನೇ ಕಳ್ಳರೆಂದು ಹಿಡಿದು ಬಡಿಯುತ್ತಿದ್ದಾರೆ. ಹುಡುಗಿಯರ ಹಾಸ್ಟೆಲನ್ನು ಮೂವತ್ತೊಂದು ವರ್ಷ ನೋಡಿಕೊಂಡವರಿಗೆ ಇದನ್ನು ಇನ್ನಷ್ಟು ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಡಿದದ್ದು ತಪ್ಪಿರಬಹುದು, ಹಿಡಿಯುವುದಂತೂ ಕಾವಲುಗಾರರ ಕೆಲಸವೇ ತಾನೆ ಎಂದು ಅವರು ಒಳಗೊಳಗೇ ಆ ಕಾವಲುಗಾರರ ಪಕ್ಷ ವಹಿಸಿದ್ದರು.

ನಿವೃತ್ತಿಯಾಗಿ ಹನ್ನೊಂದು ವರ್ಷವಾಗಿದ್ದರೂ ಹಾಲಿನವನಿಂದ ಹಿಡಿದು ಕೆಳಮನೆಯ ಹೊಲಿಗೆಯವಳವರೆಗೆ ಎಲ್ಲರಿಗೂ ಅವರು ವಾರ್ಡನಮ್ಮನೇ. ಮಗ ಲಿಫ್ಟ್ ರಿಪೇರಿಯವನು. ಊರಿನ ಲಿಫ್ಟುಗಳನ್ನೆಲ್ಲ ಮೇಲೆ ಕೆಳಗೆ ಓಡಾಡಿಸುವ ಆತ ಬಾಡಿಗೆಗೆ ಹಿಡಿದದ್ದು ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿ. ಸೊಸೆಗೆ ಎರಡು ಬೀದಿ ಆಚೆಯ ಶಿಶುವಿಹಾರದಲ್ಲಿ ಕೆಲಸ. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಉಣ್ಣಿಸಿ, ತೊಳೆದು, ಮಲಗಿಸುವುದು. ಹದಿನಾರರ ಮೊಮ್ಮಗಳು ಕಡ್ಡಿಯಂತಿದ್ದುದರಿಂದ ಗುಬ್ಬಿ. ಮನೆಗೆ ಎರಡೇ ಕೋಣೆಯಾದ್ದರಿಂದ ಗುಬ್ಬಿ ಮಲಗುತ್ತಿದ್ದದ್ದು ಅಜ್ಜಿಯ ಮಂಚದಲ್ಲಿ.

ಕಾಯಿಲೆ ಬಂದ ಮೊದಲ ವಾರವೇ ಒಂದು ರಗಳೆಯಾಯಿತು. ನೋಡಲು ಬಂದ ಹೊಲಿಗೆಯವಳು ಕುರ್ಚಿ ತೋರಿಸಿದರೂ ಕೂರದೆ, ನಿಂತೇ ಟೀ ಕುಡಿದು, ಲೋಟವನ್ನು ಎರಡು ಬೆರಳಲ್ಲಿ ಹಿಡಿದು ಕೆಳಗಿಟ್ಟು ಹೋದಳು. ಅದೇ ಸಂಜೆ ಸೊಸೆಯೂ, ಅತ್ತೆಯ ಹೊದಿಕೆ ಟವೆಲ್ಲು ಬೇರೆ ಒಗೆಯಲೇ ಎಂದು ಮೆಲ್ಲಗೆ ಕೇಳಿದಳು. ಕೇಳಿದ್ದು ಒಂದೇ ಮಾತು, ಕೇಳಿಸಿಕೊಂಡದ್ದು ಮೂರು ದಿನ. ನಾಲ್ಕನೆಯ ದಿನ ವಾರ್ಡನಮ್ಮ ಗುಬ್ಬಿಯ ಕೈಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಚೀಟಿ ಬರೆಸಿ ಕೋಣೆಯ ಬಾಗಿಲಿಗೆ ಅಂಟಿಸಿದರು: ‘ಇದು ಅಂಟುರೋಗವಲ್ಲ. ಡಾಕ್ಟರ ಹೇಳಿಕೆ.’ ಹೊಲಿಗೆಯವಳನ್ನು ಮತ್ತೆ ಕರೆಸಿ, ಚೀಟಿಯ ಎದುರಿಗೇ ಕೂರಿಸಿ, ಎರಡು ಲೋಟ ಟೀ ಕುಡಿಸಿ ಕಳಿಸಿದರು.

ಡಾಕ್ಟರಮ್ಮ ಬರೆದುಕೊಟ್ಟ ಮಾತ್ರೆ ಕೆಲಸ ಮಾಡಿತು. ಬೆಳಿಗ್ಗೆ ತಿಂಡಿಯಾದ ಮೇಲೆ ಮಾತ್ರೆ ಕೊಡುವುದು, ಕೈ ಎಟುಕದ ಬೆನ್ನಿಗೆ ಮುಲಾಮು ಹಚ್ಚುವುದು ಸೊಸೆಯ ಪಾಲಿಗೆ ಬಂದಿತ್ತು. ನಾಲ್ಕು ವಾರದಲ್ಲಿ ಗುಳ್ಳೆಗಳು ಬತ್ತಿ ಕಲೆಗಳಾದವು. ವಾರ್ಡನಮ್ಮ ಇನ್ನೇನು ಮೊದಲಿನಂತಾದರು, ಅಂದರೆ ಪಲ್ಯಕ್ಕೆ ಉಪ್ಪು ಹೆಚ್ಚೆಂದು ದಿನವೂ ಹೇಳುವಂತಾದರು, ಅನ್ನುವಷ್ಟರಲ್ಲಿ ತುರಿಕೆ ತಿರುಗಿ ಬಂತು. ಹೊಸ ಗುಳ್ಳೆ ಒಂದೂ ಇಲ್ಲ. ತುರಿಕೆ ಮಾತ್ರ ಮೊದಲಿಗಿಂತ ಇಮ್ಮಡಿ.

ಗುಳ್ಳೆ ಹೋಗಿ ತುರಿಕೆ ಉಳಿಯಬೇಕಾದರೆ ಮಾತ್ರೆಯಲ್ಲಿ ಏನೋ ಮೋಸವಿದೆ ಎಂದು ವಾರ್ಡನಮ್ಮ ತೀರ್ಮಾನಿಸಿದರು.

“ಇದು ಮೊದಲಿನ ಮಾತ್ರೆನೇ ತಾನೆ?”

“ಅದೇ ಅಂಗಡಿ, ಅದೇ ಮಾತ್ರೆ, ಅತ್ತೆ.”

“ಬಣ್ಣ ಮಾಸಿದ ಹಾಗಿದೆ.”

“ಕನ್ನಡಕ ಒರೆಸ್ಕೊಂಡು ನೋಡಿ.”

ಕನ್ನಡಕ ಒರೆಸಿದರೂ ಅನುಮಾನ ಹೋಗಲಿಲ್ಲ. ಮಾತ್ರೆಯ ಹಾಳೆಯ ಹಿಂಬದಿಗೆ ಪೆನ್ನಿನಿಂದ ತಾರೀಖು ಗುರುತು ಹಾಕಿದರು. ನುಂಗುವ ಮುಂಚೆ ನಾಲಿಗೆಯ ಮೇಲಿಟ್ಟು ಕಹಿ ಪರೀಕ್ಷಿಸಿದರು. ಕಡೆಗೆ ಮೊಮ್ಮಗಳನ್ನು ಹತ್ತಿರ ಕರೆದು, ಅಮ್ಮ ಮಾತ್ರೆ ಬಿಡಿಸುವಾಗ ಸ್ವಲ್ಪ ಕಣ್ಣಿಟ್ಟಿರು ಎಂದರು. ಗುಬ್ಬಿ ಪುಸ್ತಕದಿಂದ ತಲೆಯೆತ್ತಲಿಲ್ಲ.

“ನಿನ್ನ ಕೊಂದು ಅಮ್ಮನಿಗೆ ಏನಜ್ಜಿ ಸಿಗುತ್ತೆ? ಈ ಮಂಚಾನಾ? ಕಾಲು ಆಡಿಸಿದ್ರೆ ಕಿರುಗುಟ್ಟುತ್ತೆ.”

ಡಾಕ್ಟರಮ್ಮ, ಕಾಯಿಲೆ ಪೂರ್ತಿ ಬಗ್ಗಿಲ್ಲವೇನೋ ಎಂದು ಮಾತ್ರೆಯನ್ನು ಎರಡರಿಂದ ನಾಲ್ಕಕ್ಕೆ ಏರಿಸಿದಳು. ಅದರಿಂದ ವಾರ್ಡನಮ್ಮನ ಮುಖ ಊದಿ ಹುಣ್ಣಿಮೆಯಾಯಿತು, ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡು ಟೀಯಲ್ಲಿ ಸಕ್ಕರೆ ನಿಂತಿತು, ತೊಡೆಗಳ ಶಕ್ತಿ ಸೋರಿತು. ಒಂದು ಬೆಳಿಗ್ಗೆ ಬಚ್ಚಲಿನ ಮಣೆಯಿಂದ ಏಳಲಾರದೆ ಅರ್ಧ ಗಂಟೆ ಕೂತರು. ಎಬ್ಬಿಸಲು ಬಂದವಳು ಸೊಸೆ. ಕೂಗಿದ್ದು ಕೇಳಿಸಲಿಲ್ಲವೇ ಎಂದು ಅವರು ಕೇಳಿದರು, ಕೂಗಲೇ ಇಲ್ಲವಲ್ಲ ಎಂದು ಅವಳು ಹೇಳಿದಳು. ಅದು ನಿಜವೇ ಆಗಿತ್ತು.

ಆಮೇಲೆ ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ವಿಚಿತ್ರ ಶುರುಮಾಡಿದರು. ಗುಬ್ಬಿ ಸೆಕೆಯ ದಿನಗಳಲ್ಲಿ ಉದ್ದ ತೋಳಿನ ಅಂಗಿ ಹಾಕಿಕೊಂಡಳು, ಪರೀಕ್ಷೆಗೆ ಓದಬೇಕೆಂದು ಹಾಸಿಗೆಯನ್ನು ಹಾಲಿನ ಸೋಫಾಕ್ಕೆ ಸಾಗಿಸಿದಳು. ಮಗ ಕೆಲಸದಿಂದ ಬಂದವನೇ ಬಚ್ಚಲು ಹೊಕ್ಕರೆ ನೀರಿನ ಸದ್ದಿಗಿಂತ ಬ್ರಷ್ಷಿನ ಸದ್ದೇ ಹೆಚ್ಚು. ಸೊಸೆ ಬೆಳಕು ಹರಿಯುವ ಮುಂಚೆಯೇ ಎದ್ದು ತನ್ನ ಹೊದಿಕೆಗಳನ್ನು ಬಿಸಿನೀರಿಗೆ ಹಾಕುತ್ತಿದ್ದಳು. ವಾರ್ಡನಮ್ಮ ಎಲ್ಲವನ್ನೂ ನೋಡಿದರು, ಎಲ್ಲಕ್ಕೂ ಒಂದೊಂದು ಕಾರಣ ಕಂಡುಕೊಂಡರು: ಹುಡುಗಿಗೆ ಯಾರೋ ಹುಡುಗ ಗಂಟುಬಿದ್ದಿದ್ದಾನೆ, ಮಗ ಕುಡಿತದ ವಾಸನೆ ತೊಳೆಯುತ್ತಿದ್ದಾನೆ, ಸೊಸೆಗೆ ತನ್ನನ್ನು ಕಂಡರೆ ಹೇಸಿಗೆ. ಮೂರು ಕಾರಣವೂ ತಪ್ಪು; ಆದರೆ ಒಂದಕ್ಕಿಂತ ಒಂದು ಚೆನ್ನಾಗಿ ಹೊಂದಿಕೊಂಡಿದ್ದವು.

ಒಂದು ಭಾನುವಾರ ಊಟಕ್ಕೆ ಕೂತಾಗ ಅದು ಸಿಡಿಯಿತು. ಬೇಯಿಸಿದ ಆಲೂಗಡ್ಡೆಯ ಬಟ್ಟಲು ಕೈಯಿಂದ ಕೈಗೆ ಹೋಗುತ್ತಿತ್ತು. ಗುಬ್ಬಿ ಬಟ್ಟಲು ಕೆಳಗಿಟ್ಟು ಮುಂಗೈಯನ್ನು ಮೇಜಿನ ಅಂಚಿಗೆ ತಿಕ್ಕಿದಳು.

“ಏನೇ ಅದು ಊಟದ ಹೊತ್ತಲ್ಲಿ? ನನ್ನ ಅಣಕಿಸ್ತಿದೀಯಾ?”

“ಸೊಳ್ಳೆ ಅಜ್ಜಿ.”

“ನಿಮ್ಮಪ್ಪನಿಗೂ ಸೊಳ್ಳೆನಾ? ಅವನು ಬಾಗಿಲ ಚೌಕಟ್ಟಿಗೆ ಬೆನ್ನು ತಿಕ್ಕೋದು ನಂಗೆ ಕಾಣಲ್ಲ ಅಂದ್ಕೊಂಡ್ಯಾ? ಎಮ್ಮೆ ಮರಕ್ಕೆ ತಿಕ್ಕೊಂಡ ಹಾಗೆ.”

“ಲಿಫ್ಟಿನ ಕೆಳಗಿನ ಗುಂಡೀಲಿ ಧೂಳು, ಗ್ರೀಸು. ಅದಕ್ಕೆ ಅಮ್ಮ,” ಎಂದ ಮಗ, ತಟ್ಟೆ ನೋಡುತ್ತ.

“ಇಪ್ಪತ್ತು ವರ್ಷ ಕಚ್ಚದೆ ಇದ್ದ ಗ್ರೀಸು ಈಗ ಕಚ್ತಾ? ನಂದೇ ನಿಮಗೆಲ್ಲ ಅಂಟಿತು ಅಂತ ಹೇಳೋಕೆ ಹೊರಟಿದ್ರೆ ಬಾಯಿಬಿಟ್ಟು ಹೇಳಿ.”

“ನಾವ್ಯಾಕೆ ಹೇಳೋಣ ಅತ್ತೆ,” ಎಂದಳು ಸೊಸೆ. “ಅಂಟಲ್ಲ ಅಂತ ನೀವೇ ಬಾಗಿಲಿಗೆ ಹಾಕಿಸಿದೀರಲ್ಲ.”

ಆ ಮನೆಯಲ್ಲಿ ತುರಿಸಿಕೊಳ್ಳುವ ಹಕ್ಕು ಇದ್ದದ್ದು ಒಬ್ಬರಿಗೇ. ಉಳಿದವರಿಗೆ ತುರಿಸಿದರೆ ಅದು ಸೊಳ್ಳೆ, ಧೂಳು, ಇಲ್ಲವೇ ಕುಹಕ. ಮೂವರೂ ಆಲೂಗಡ್ಡೆ ಮುಗಿಸಿ, ಮೂರು ಮೂಲೆಗೆ ಹೋಗಿ, ಯಾರಿಗೂ ಕಾಣದಂತೆ ಕೆರೆದುಕೊಂಡರು.

ಮಂಗಳವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ವಾರ್ಡನಮ್ಮ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದರು. ಹುಡುಕುವುದು ಅವರಿಗೆ ನೀರು ಕುಡಿದಷ್ಟು ಸಲೀಸು: ಬಚ್ಚಿಡುವವರು ತಮ್ಮ ಕೈಗೆ ಬೇಗ ಸಿಗುವ, ಬೇರೆಯವರ ಕೈ ಹೋಗದ ಕಡೆಯೇ ಇಡುತ್ತಾರೆ. ಹಿಟ್ಟಿನ ಡಬ್ಬದ ಹಿಂದೆ ಹಳೆಯ ರಸ್ಕಿನ ಡಬ್ಬ ಇತ್ತು. ಅದರೊಳಗೆ ಪೇಪರಿನಲ್ಲಿ ಸುತ್ತಿದ ಕಂದು ಬಾಟಲಿ. ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆಯಲಾಗಿತ್ತು.

ವಿಷವಿರಬಹುದೆಂದು ಅವರು ಬಿರಡೆ ತಿರುಗಿಸಿ ಮೂಸಿದರು. ಮೂಗಿಗೆ ಬಡಿದ ಘಾಟು ವಿಷದ್ದಲ್ಲ. ಸಾಲಾಗಿ ನಿಂತ ನಲವತ್ತು ಹುಡುಗಿಯರಿಗೆ, ಬಚ್ಚಲ ಬಾಗಿಲಲ್ಲಿ ತಾವೇ ನಿಂತು ಹಚ್ಚಿಸುತ್ತಿದ್ದ ಬಿಳಿ ಔಷಧಿಯದ್ದು. ವಾರ್ಡನಮ್ಮ ಸ್ಟೂಲಿನ ಮೇಲೆ ಕೂತರು. ಮಾತ್ರೆಯ ಹೆಸರು ಓದಲು ಸೆರಗಿನಲ್ಲೇ ಇಟ್ಟುಕೊಂಡಿದ್ದ ಭೂತಗನ್ನಡಿ ತೆಗೆದು ತಮ್ಮ ಬೆರಳ ಸಂದಿಗೆ ಹಿಡಿದರು. ಮೊನಚು ಪೆನ್ಸಿಲಿನಿಂದ ಎಳೆದಂಥ ಬೂದು ಗೆರೆ, ತುದಿಯಲ್ಲೊಂದು ಚುಕ್ಕೆ. ಪಕ್ಕದ ಸಂದಿಯಲ್ಲಿ ಇನ್ನೆರಡು.

ಕಜ್ಜಿ.

ಮೊದಲು ಬಂದದ್ದು ಸಿಟ್ಟು: ಹೊರಗಿನಿಂದ ತಂದವಳು ತನಗೆ ಮಾತ್ರ ಔಷಧಿ ಹಚ್ಚಿಕೊಂಡು ಕೂತಿದ್ದಾಳೆ. ಅದರ ಬೆನ್ನಿಗೇ ಬಂದದ್ದು ಖುಷಿ: ಸಿಕ್ಕಿಬಿದ್ದಳು. ಸಿಕ್ಕಿಬಿದ್ದವರ ಪಟ್ಟಿಯಲ್ಲಿ ತಮ್ಮ ಹೆಸರೂ ಇದೆ ಎಂಬುದು ಹೊಳೆಯಲು ಇನ್ನಷ್ಟು ಹೊತ್ತು ಹಿಡಿಯಿತು. ನೋಡಲು ಬಂದವರೆಲ್ಲ ಬಾಯಿ ತೆರೆದು ಕೇಳಿಸಿಕೊಳ್ಳುತ್ತಿದ್ದ ಬುಲ್ಲಸ್ ಪೆಂಫಿಗಾಯ್ಡ್ ಎಲ್ಲಿ, ಕಜ್ಜಿ ಎಲ್ಲಿ. ಮೂರನೇ ಮಹಡಿಯಿಂದ ನೆಲಕ್ಕೆ, ಅದೂ ಲಿಫ್ಟಿಲ್ಲದೆ.

ಅವರು ಬಾಟಲಿಯನ್ನು ನೆನಪಿದ್ದಂತೆ ಸುತ್ತಿ, ಇದ್ದಲ್ಲೇ ಇಟ್ಟರು. ಸೋಮವಾರ ಡಾಕ್ಟರ ಬಳಿ ಹೋಗುವುದಿತ್ತು. ಕಳ್ಳಿಯನ್ನು ಒಬ್ಬಳೇ ಇದ್ದಾಗ ಹಿಡಿದರೆ ಅಳುತ್ತಾಳೆ, ಸಾಕ್ಷಿಯ ಮುಂದೆ ಹಿಡಿದರೆ ಒಪ್ಪಿಕೊಳ್ಳುತ್ತಾಳೆ ಎಂಬುದು ಅವರ ಸರ್ವೀಸಿನ ಅನುಭವ. ಅಲ್ಲಿಯವರೆಗೆ ದಿನಕ್ಕೆ ನಾಲ್ಕು ಮಾತ್ರೆ, ಬೇಡವೆಂದು ಗೊತ್ತಿದ್ದೂ, ಸೊಸೆಯ ಮುಖವನ್ನೇ ನೋಡುತ್ತ ನುಂಗಿದರು.

ಶುಕ್ರವಾರ ಗುಬ್ಬಿ ಶಾಲೆಯಿಂದ ಬೇಗ ಬಂದಳು. ಮಣಿಕಟ್ಟಿನ ಗಾಯ ಕೀವಾಗಿ ಅಂಗಿಯ ತೋಳಿಗೆ ಅಂಟಿಕೊಂಡಿತ್ತು. ಪೆನ್ನು ಹಿಡಿಯಲಾಗದೆ ಪರೀಕ್ಷೆಯ ಅರ್ಧ ಹಾಳೆ ಖಾಲಿ ಬಿಟ್ಟು ಬಂದಿದ್ದಳು. ಸೊಸೆ ಉಗುರುಬೆಚ್ಚಗಿನ ನೀರಲ್ಲಿ ತೋಳನ್ನು ನೆನೆಸಿ ಬಿಡಿಸುತ್ತ ಅತ್ತೆಯ ಕಡೆ ಒಮ್ಮೆ ನೋಡಿದಳು. ಅತ್ತೆ ಗೋಡೆಯ ಕ್ಯಾಲೆಂಡರು ನೋಡಿದರು. ಹೇಳಿಬಿಡಲು ಬಾಯಿ ತೆರೆದವರು ಟೀ ಆಗಿದೆಯೇ ಎಂದು ಕೇಳಿದರು.

ಸೋಮವಾರ ಮಗನಿಗೆ ಎಲ್ಲೋ ಲಿಫ್ಟಿನಲ್ಲಿ ಜನ ಸಿಕ್ಕಿಕೊಂಡು ಕರೆ ಬಂದದ್ದರಿಂದ ಅತ್ತೆ ಸೊಸೆ ಇಬ್ಬರೇ ಹೋದರು. ಡಾಕ್ಟರಮ್ಮ ಊದಿದ ಮುಖ ನೋಡಿದಳು, ಕಾಲು ಒತ್ತಿ ನೋಡಿದಳು, ಪೆನ್ನು ತೆಗೆದಳು. ಇಷ್ಟು ಮಾತ್ರೆಗೂ ತುರಿಕೆ ಬಗ್ಗದಿದ್ದರೆ ಆಸ್ಪತ್ರೆಗೆ ಸೇರಿಸಿ ಇನ್ನೂ ದೊಡ್ಡ ಔಷಧಿ ಕೊಡಬೇಕು. ಈ ವಯಸ್ಸಿಗೆ ಅದು ಹಗುರವಲ್ಲ, ನಡುವೆ ಸೋಂಕು ತಗುಲಿದರೆ ಜೀವಕ್ಕೇ ಕುತ್ತು ಬರಬಹುದು ಎಂದಳು. ವಾರ್ಡನಮ್ಮ ಗಂಟಲು ಸರಿಮಾಡಿಕೊಂಡರು. ಆರು ದಿನದಿಂದ ಹೊಂದಿಸಿಟ್ಟಿದ್ದ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು.

“ಬರೆಯೋಕೆ ಮುಂಚೆ ಅವರ ಬೆರಳ ಸಂದಿ ನೋಡಿ ಡಾಕ್ಟ್ರೇ,” ಎಂದಳು ಸೊಸೆ. “ಆಮೇಲೆ ನಂದೂ ನೋಡಿ.”

ಅವಳು ನೆಲ ನೋಡುತ್ತಲೇ ಎಲ್ಲ ಹೇಳಿದಳು. ಶಿಶುವಿಹಾರದಲ್ಲಿ ಮೂರು ಮಕ್ಕಳಿಗೆ ತುರಿಕೆ ಎದ್ದಿತ್ತು. ಯಾರ ಹತ್ತಿರವೂ ಉಸಿರೆತ್ತಬೇಡಿ, ನಿಮ್ಮಲ್ಲಿ ಯಾರಿಗಾದರೂ ಬಂದರೆ ಅವರು ಮನೆಗೆ ಎಂದು ಅದನ್ನು ನಡೆಸುವ ಮೇಡಂ ಹೇಳಿದ್ದರು. ತನಗೆ ಬಂದಾಗ ಗುಟ್ಟಾಗಿ ಔಷಧಿ ತಂದು ಹಚ್ಚಿಕೊಂಡಳು. ಹೋಯಿತು, ಹದಿನೈದು ದಿನಕ್ಕೆ ಮತ್ತೆ ಬಂತು. ಹೋಗುವಾಗ ಒಬ್ಬಳಿಂದ ಹೋಗುತ್ತಿತ್ತು, ಬರುವಾಗ ಎಲ್ಲರಿಂದ ಬರುತ್ತಿತ್ತು.

ಡಾಕ್ಟರಮ್ಮ ವಾರ್ಡನಮ್ಮನ ಬೆರಳ ಸಂದಿಯನ್ನು ಬ್ಲೇಡಿನ ಅಂಚಿನಿಂದ ಮೆಲ್ಲಗೆ ಕೆರೆದು, ಬಂದದ್ದನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಅವರಿಬ್ಬರನ್ನೂ ಕರೆದು ತೋರಿಸಿದಳು. ಒಂದು ಪುಟ್ಟ ಹುಳ: ಗುಂಡಗಿನ ಹೊಟ್ಟೆ, ಗಿಡ್ಡ ಕಾಲುಗಳು, ಯಾರ ಭಯವೂ ಇಲ್ಲ.

“ನಿಮ್ಮ ಮೊದಲಿನ ಕಾಯಿಲೆ ಬಗ್ಗಿದೆ. ಇದು ಎರಡನೆಯ ತುರಿಕೆ. ಮಾತ್ರೆ ಮೈಯ ಕಾವಲನ್ನ ಮಲಗಿಸಿತ್ತು, ಇದಕ್ಕೆ ಬಾಗಿಲು ತೆರೆದ ಹಾಗಾಯ್ತು. ಬೆರಳು ನೋಡದೆ ಮಾತ್ರೆ ಏರಿಸಿದ್ದು ನನ್ನ ತಪ್ಪೇ. ಮನೇಲಿ ಎಲ್ಲರಿಗೂ ತುರಿಕೆ ಇದ್ದೂ ಯಾಕೆ ಹೇಳಲಿಲ್ಲ?”

“ಅಂಟಲ್ಲ ಅಂತ ನೀವೇ ಹೇಳಿದ್ರಲ್ಲ,” ಎಂದಳು ಸೊಸೆ.

“ಅದು ಅಂಟಲ್ಲ. ಇದು ಅಂಟುತ್ತೆ.” ಡಾಕ್ಟರಮ್ಮ ವಾರ್ಡನಮ್ಮನ ಕಡೆ ತಿರುಗಿದಳು. “ಹಾಸ್ಟೆಲ್ ನೋಡ್ಕೊಂಡವರು ನೀವು. ನಿಮಗೂ ಅನುಮಾನ ಬರಲಿಲ್ವಾ?”

“ಕಣ್ಣು ಮಂಜು,” ಎಂದರು ವಾರ್ಡನಮ್ಮ.

ಆಸ್ಪತ್ರೆ ತಪ್ಪಿತು. ಮಾತ್ರೆ ಹಂತಹಂತವಾಗಿ ಇಳಿಸುವುದು, ಮನೆಯ ನಾಲ್ವರೂ ಒಂದೇ ದಿನ ಕತ್ತಿನಿಂದ ಕಾಲಿನವರೆಗೆ ಕ್ರೀಮು ಹಚ್ಚಿಕೊಳ್ಳುವುದು, ವಾರ ಬಿಟ್ಟು ಮತ್ತೊಮ್ಮೆ. ಶಿಶುವಿಹಾರಕ್ಕೂ ತಿಳಿಸಲೇಬೇಕು ಎಂದಾಯಿತು. ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಅತ್ತೆಯ ಜೊತೆ ಸೊಸೆಯೂ ಮರೆಮಾಚದೆ ಕೆರೆದುಕೊಂಡಳು.

“ಬಾಟಲಿಗೆ ಸುತ್ತಿದ್ದ ಪೇಪರು ಒಳಗಿಂದು ಹೊರಗಾಗಿತ್ತು,” ಎಂದಳು ಸೊಸೆ ಕಿಟಕಿಯಾಚೆ ನೋಡುತ್ತ. “ಮಂಗಳವಾರ ಸಂಜೆನೇ ನೋಡಿದೆ. ನಿಮ್ಮ ಕಣ್ಣು ಮಂಜಲ್ಲ ಅತ್ತೆ.”

“ಮತ್ತೆ ಸುಮ್ಮನೆ ಯಾಕಿದ್ದೆ?”

“ನೀವು ಕೇಳ್ತೀರ ಅಂತ ಕಾದೆ. ನೀವ್ಯಾಕೆ ಸುಮ್ಮನಿದ್ರಿ?”

“ನೀನು ಒಪ್ಕೊಳ್ತೀಯ ಅಂತ.”

“ಶುಕ್ರವಾರ ಗುಬ್ಬಿ ಕೈ ನೋಡಿದ ಮೇಲೂ?”

“ನೀನೂ ನೋಡಿದೆಯಲ್ಲ.”

ಅಷ್ಟರಲ್ಲಿ, ಹಿಂದೆ ಇಬ್ಬರೂ ಕೆರೆದುಕೊಳ್ಳುವುದನ್ನು ಕನ್ನಡಿಯಲ್ಲಿ ಕಂಡ ಡ್ರೈವರು ಬೆನ್ನನ್ನು ಸೀಟಿನಿಂದ ಕಿತ್ತು, ಸ್ಟಿಯರಿಂಗಿಗೆ ಎದೆ ತಾಗಿಸಿ ಮನೆಯವರೆಗೂ ಓಡಿಸಿದ.

ಆ ಸಂಜೆ ದೊಡ್ಡ ಪಾತ್ರೆಯಲ್ಲಿ ಹೊದಿಕೆಗಳು ಕುದಿದವು. ಸೋಫಾದ ಮೆತ್ತೆಗಳು ಪ್ಲಾಸ್ಟಿಕ್ ಚೀಲ ಸೇರಿ ಬಾಲ್ಕನಿಗೆ ಹೋದವು. ನಾಲ್ವರೂ ಬಿಳಿಬಿಳಿಯಾಗಿ ಕೈಕಾಲು ಅಗಲಿಸಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು. ಸುಣ್ಣ ಹೊಡೆದ ಗೋಡೆ ಒಣಗಲಿ ಅಂತ ಕಾಯೋ ಹಾಗಿದೆ ಎಂದ ಮಗ. ಎಷ್ಟೋ ವಾರದ ಮೇಲೆ ಗುಬ್ಬಿ ನಕ್ಕಳು. ವಾರ್ಡನಮ್ಮ ಯಾರನ್ನೂ ನಂಬಲಿಲ್ಲ. ಉಗುರಿನ ಕೆಳಗೆ ಆಯಿತೇ, ಹೊಕ್ಕುಳಿಗೆ ಆಯಿತೇ, ಕಾಲ್ಬೆರಳ ಸಂದಿ ತೋರಿಸು ಎಂದು ಒಬ್ಬೊಬ್ಬರನ್ನೂ ದೀಪದ ಕೆಳಗೆ ಕರೆಸಿ ನೋಡಿದರು. ಹಿಂದೆಂದೂ ಇಷ್ಟು ವಿಧೇಯವಾದ ಸಾಲು ಅವರಿಗೆ ಸಿಕ್ಕಿರಲಿಲ್ಲ.

ಸೊಸೆ ಶಿಶುವಿಹಾರಕ್ಕೆ ಸುದ್ದಿ ಕಳಿಸಿದ್ದಳು. ಊಟಕ್ಕೆ ಮುಂಚೆ ಮೇಡಂ ಫೋನು ಬಂತು. ಕೈತುಂಬ ಕ್ರೀಮಿದ್ದ ಕಾರಣ ಸೊಸೆ ಮೊಣಕೈಯಿಂದ ಸ್ಪೀಕರು ಒತ್ತಿದಳು. ಹಾಗಾಗಿ ಕೇಳಬಾರದವರೆಲ್ಲ ಕೇಳಿದರು. ಮೇಡಂ ಕೂಗಾಡಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದರು. ಮಕ್ಕಳಿಗೆ ಹತ್ತಿದ್ದು ಅವಳಿಂದಲೇ ಎಂದು ಹೆತ್ತವರಿಗೆ ತಿಳಿಸುವುದಾಗಿ ಹೇಳಿದರು. ಅವಳ ಮನೆಯಲ್ಲಿ ಅತ್ತೆಗೆ ಚರ್ಮದ ಕಾಯಿಲೆ ಇರುವುದು ಎಲ್ಲರಿಗೂ ಗೊತ್ತಿದ್ದದ್ದೇ ತಾನೆ ಎಂದೂ ಸೇರಿಸಿದರು. ಸೊಸೆ, “ಮೇಡಂ, ಮಕ್ಕಳಿಗೆ ಮೊದಲೇ ಇತ್ತಲ್ಲ” ಎಂದಳು. ಒಂಬತ್ತು ವರ್ಷದ ಕೆಲಸ. ಕಜ್ಜಿ ಹಚ್ಚಿದವಳೆಂದು ಹೊರಬಿದ್ದರೆ ಊರಿನ ಯಾವ ಶಿಶುವಿಹಾರವೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ವಾರ್ಡನಮ್ಮ ಕುರ್ಚಿಯ ಎರಡೂ ಕೈ ಒತ್ತಿ ಎದ್ದರು. ಮಗ ಹಿಡಿಯಲು ಬಂದರೆ ಬೇಡವೆಂದರು. ಫೋನು ಎತ್ತಿಕೊಂಡರು.

“ನಾನು ಅವಳ ಅತ್ತೆ. ಚರ್ಮದ ಕಾಯಿಲೆಯವಳು. ಅದಕ್ಕೊಂದು ದೊಡ್ಡ ಹೆಸರಿದೆ, ಅದು ಯಾರಿಗೂ ಅಂಟಲ್ಲ, ಅದನ್ನ ಬಿಡಿ. ನನಗೆ ಕಜ್ಜಿನೂ ಇದೆ. ಅದು ನಿಮ್ಮಲ್ಲಿಂದ ಇಲ್ಲಿಗೆ ಬಂದದ್ದು.”

ಮೇಡಂ ಏನೋ ಹೇಳಲು ಹೊರಟರು.

“ಸ್ವಲ್ಪ ಕೇಳಿಸ್ಕೊಳ್ಳಿ. ನಾನೂ ನಿಮ್ಮ ಕುರ್ಚೀಲಿ ಕೂತವಳೇ. ಹಾಸ್ಟೆಲಲ್ಲಿ ನಲವತ್ತು ಹುಡುಗೀರಿಗೆ ಕಜ್ಜಿ ಆಯ್ತು. ಹೆತ್ತವರು ಬಂದು ನಿಂತ್ರು. ಯಾರನ್ನಾದ್ರೂ ತೋರಿಸಬೇಕಿತ್ತು, ಅಡುಗೆಯವಳನ್ನ ತೋರಿಸಿದೆ. ಅವಳ ಕೈ ಬಿಡಿಸಿ ನೋಡೋ ಗೋಜಿಗೂ ಹೋಗಲಿಲ್ಲ. ಮಾರನೇ ದಿನ ಅವಳು ಇರಲಿಲ್ಲ. ಕಜ್ಜಿ ಮಾತ್ರ ಇನ್ನೂ ಎರಡು ತಿಂಗಳು ಇತ್ತು.”

ಈ ಕಥೆಯನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

“ಒಬ್ಬರನ್ನ ಕಳಿಸಿದ್ರೆ ಇದು ಹೋಗಲ್ಲ ಮೇಡಂ. ನಾನು ಕಳಿಸಿ ನೋಡಿದೀನಿ. ಇವಳ ಹೆಸರು ಹೆತ್ತವರ ಮುಂದೆ ಬಂದ್ರೆ ಅವತ್ತು ನಾನೂ ಬರ್ತೀನಿ, ಮೂರು ಮಕ್ಕಳಿಗೆ ಯಾವಾಗ ಕಾಣಿಸ್ಕೊಳ್ತು, ಉಸಿರೆತ್ತಬೇಡಿ ಅಂತ ಯಾರು ಅಂದ್ರು, ಅದನ್ನೂ ಹೇಳ್ತೀನಿ. ಮೆಟ್ಟಿಲು ಇಳಿಯೋಕೆ ನಂಗೆ ಅರ್ಧ ಗಂಟೆ ಬೇಕು, ಆದ್ರೆ ಬರ್ತೀನಿ.”

ಫೋನು ಕಡಿಯಿತೇನೋ ಎಂದು ಮಗ ಬಗ್ಗಿ ನೋಡಿದ.

“ಎಷ್ಟು ಟ್ಯೂಬ್ ಬೇಕಾಗುತ್ತೆ?” ಎಂದಿತು ಮೇಡಂ ದನಿ.

“ಮಕ್ಕಳೆಷ್ಟು?”

“ಹದಿನೇಳು.”

“ಹದಿನೇಳು ಮಕ್ಕಳಂದ್ರೆ ಹದಿನೇಳು ಮನೆ. ಎಲ್ಲರಿಗೂ ಒಂದೇ ದಿನ ಆಗಬೇಕು. ಪೆನ್ನು ತಗೊಳ್ಳಿ. ಇವಳು ನಾಳೆಯೊಂದು ದಿನ ರಜಾ ಹಾಕಿ ಬುಧವಾರ ಬರ್ತಾಳೆ, ಹಚ್ಚೋದು ಹೇಗೆ ಅಂತ ತೋರಿಸ್ತಾಳೆ.”

ವಾರ್ಡನಮ್ಮ ಫೋನಿಟ್ಟು, ಕುರ್ಚಿಯ ಕೈ ಹಿಡಿದು ಕೂತರು. ಸೊಸೆ ಹತ್ತಿರ ಬಂದಳು. ಥ್ಯಾಂಕ್ಸ್ ಗೀಂಕ್ಸ್ ಹೇಳಲಿಲ್ಲ; ಫೋನು ಹಿಡಿದು ಕ್ರೀಮು ಒರೆಸಿಹೋಗಿದೆ, ಅಂಗೈಗೆ ಮತ್ತೆ ಹಚ್ಚಿಕೊಳ್ಳಬೇಕು ಎಂದಳು. ಟ್ಯೂಬು ಅತ್ತೆಯ ಪಕ್ಕದಲ್ಲಿಟ್ಟು, ಒಲೆಯ ಮೇಲಿನ ನೀರು ನೋಡಲು ಹೋದಳು.

ಗಾಯ ಕೆರೆಯದಂತೆ ಗ್ಲೌಸು ತೊಡಿಸಿದ ಕೈಯನ್ನು ಮಡಿಲಲ್ಲಿಟ್ಟುಕೊಂಡಿದ್ದ ಗುಬ್ಬಿ ಅಜ್ಜಿಯನ್ನೇ ನೋಡುತ್ತಿದ್ದಳು.

“ಆ ಅಡುಗೆಯವಳು ಆಮೇಲೆ ಎಲ್ಲಿಗೆ ಹೋದ್ಲಜ್ಜಿ?”

“ಗೇಟಿನವರೆಗೆ ಹೋಗಿದ್ದು ನೋಡಿದೆ. ಮುಂದೆ ಗೊತ್ತಿಲ್ಲ.”

“ಕೇಳಲಿಲ್ವಾ ಯಾರನ್ನೂ?”

ವಾರ್ಡನಮ್ಮ ಟ್ಯೂಬಿನ ಮುಚ್ಚಳ ತೆಗೆಯಲು ನೋಡಿದರು. ಬೆರಳು ಜಾರುತ್ತಿತ್ತು.

“ಗೇಟಿನಾಚೆ ನಂದು ಡ್ಯೂಟಿ ಇರ್ಲಿಲ್ಲ ಕಣೇ,” ಎಂದರು.